ಲಿಲಾವಿನ ಮೇಜು-ಕುರ್ಚಿಗಳು: ಕೈಬದಲಿದ ಗೃಹೋಪಕರಣಗಳ ಚರಿತ್ರೆಯನ್ನು ಕುರಿತು ಕೆಲವು ವಿಚಾರಗಳು

ವಸ್ತುಗಳನ್ನು ಬಹಿರಂಗವಾಗಿ ಕೂಗಿ, ಹೆಚ್ಚು ಬೆಲೆ ಕೊಡುವವರಿಗೆ ಮಾರುವ ಪದ್ಧತಿಗೆ ಕನ್ನಡನಾಡಿನಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ಹಳೆಯ ಮೈಸೂರು ಸೀಮೆಯವರು ಅದನ್ನು ಹರಾಜು ಎನ್ನುತ್ತಾರೆ. ಧಾರವಾಡ, ಬೆಳಗಾವಿಗಳ ಕಡೆಯವರು ಲಿಲಾವು ಎನ್ನುತ್ತಾರೆ. ಮೊದಲನೆಯದು ಅರಬ್ಬೀ ಮೂಲದಿಂದ ಹಿಂದೂಸ್ತಾನಿಯ ಮೂಲಕ ನಮಗೆ ಬಂದ ಶಬ್ದ. ಎರಡನೆಯದು ಗೋವೆಯ ಪೋರ್ಚುಗೀಸರ ‘ಲೇಲಾಂವ್’ ಎಂಬುದರ ರೂಪಾಂತರ. ಇದೇ ಶಬ್ದ ಹಿಂದಿಯಲ್ಲಿ ನೀಲಾಮ್ ಎಂದೂ, ತಮಿಳಿನಲ್ಲಿ ಏಲಂ ಎಂದೂ, ತೆಲುಗಿನಲ್ಲಿ ವೇಲಂ ಎಂದೂ, ಮಲೆಯಾಳದಲ್ಲಿ ಲೇಲಂ ಎಂದೂ ನಿಂತಿದೆ. ಕಡಲನ್ನು ದಾಟಿ ಮಲಯ ಭಾಷೆಯಲ್ಲಿ ಲೇಲಂಗ್ ಎಂದೂ ಆಗಿದೆ. ಒಂದು ಶಬ್ದ ಇಷ್ಟು ದೂರ ಸಂಚರಿಸಬೇಕಾದರೆ ಅದರ ಬೆನ್ನಿಗೆ ಬಲವಾದ ಒಂದು ವ್ಯವಹಾರ ಇದ್ದಿರಲೇಬೇಕು. ಆ ವ್ಯವಹಾರದ ಒಂದು ಭಾಗವನ್ನು, ಎಂದರೆ ಮನೆಯ ಮರಮುಟ್ಟುಗಳು ಕೈಯಿಂದ ಕೈಗೆ ಬಂದ ಬಗೆಯನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಲ್ಪವೆಚ್ಚದಲ್ಲಿ ಮನೆಯನ್ನು ಸಜ್ಜುಗೊಳಿಸಬೇಕೆನ್ನುವವರು ಹಳೆಯ ಸಾಮಾನಿನ ಅಂಗಡಿಗೆ ಹೋಗುವುದು ಹೊಸ ಸಂಗತಿಯಲ್ಲ. ಆದರೆ ಅಲ್ಲಿ ದೊರೆಯುವ ಗಟ್ಟಿಯಾದ ತೇಗದ ಮೇಜು, ಅಷ್ಟು ಗಟ್ಟಿಯಲ್ಲದ ಹೊಸ ಮೇಜಿಗಿಂತ ಅಗ್ಗವಾಗುವುದು ಏಕೆ? ಬಳಸಿ ಸವೆದಿರುವುದರಿಂದ ಎಂಬ ಉತ್ತರ ಅರ್ಧಸತ್ಯ ಮಾತ್ರ. ತೇಗವೂ ಬೀಟೆಯೂ ಐವತ್ತು ವರ್ಷದ ಬಳಕೆಯಿಂದ ಸವೆಯುವ ಮರಗಳಲ್ಲ. ಹಳೆಯ ಸಾಮಾನಿನ ಬೆಲೆಯನ್ನು ನಿರ್ಣಯಿಸುವುದು ಸಾಮಾನಿನ ಸ್ಥಿತಿಗಿಂತ ಹೆಚ್ಚಾಗಿ ಮಾರುವವನ ಸ್ಥಿತಿ. ಸಾವು, ವರ್ಗ, ಸಾಲ, ಸೋಲು, ಪಾಲು, ಇವುಗಳಲ್ಲಿ ಯಾವುದಾದರೊಂದು ಒಂದು ಮನೆಯನ್ನು ಚದುರಿಸಿದಾಗ ಇನ್ನೊಂದು ಮನೆ ಅಗ್ಗವಾಗಿ ತುಂಬುತ್ತದೆ. ಹೀಗಾಗಿ ಕೈಬದಲಿದ ಗೃಹೋಪಕರಣಗಳ ಚರಿತ್ರೆ ಎಂಬುದು ವಾಸ್ತವವಾಗಿ ಮನೆಗಳು ಚದುರಿದ ಚರಿತ್ರೆ. ಕಲೆಯ ದೃಷ್ಟಿಯಿಂದ ಪೀಠೋಪಕರಣಗಳನ್ನು ವರ್ಣಿಸಿರುವ ವಿದ್ವಾಂಸರಿದ್ದಾರೆ; ಈ ದೃಷ್ಟಿಯಿಂದ ಅವನ್ನು ನೋಡುವ ಪ್ರಯತ್ನ ಕನ್ನಡದಲ್ಲಿ ಇನ್ನೂ ಹೆಚ್ಚಾಗಿ ನಡೆಯಬೇಕಾಗಿದೆ.

ಗೋವೆಯ ಲೇಲಾಂವಿನ ಬಗ್ಗೆ ನಮಗೆ ದೊರೆಯುವ ಪ್ರಸಿದ್ಧ ವರ್ಣನೆ ಲಿನ್‌ಷೋಟೆನ್ ಎಂಬ ಡಚ್ಚನದು. ಈತ 1583ರಲ್ಲಿ ಗೋವೆಯ ಆರ್ಚ್‌ಬಿಷಪ್ಪನ ಪರಿವಾರದಲ್ಲಿ ಬಂದು ಸುಮಾರು ಐದು ವರ್ಷ ಅಲ್ಲಿದ್ದವನು. ಅವನ ಪ್ರವಾಸಗ್ರಂಥ 1596ರಲ್ಲಿ ಡಚ್ ಭಾಷೆಯಲ್ಲಿಯೂ 1598ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ನಗರದ ಪ್ರಧಾನ ಬೀದಿಯಲ್ಲಿ ಬೆಳಗ್ಗೆ ಏಳರಿಂದ ಒಂಬತ್ತು ಗಂಟೆಯ ವರೆಗೆ, ಬಿಸಿಲು ಏರುವುದಕ್ಕೆ ಮುನ್ನ, ಈ ಮಾರಾಟ ನಡೆಯುತ್ತಿತ್ತೆಂದು ಅವನು ತಿಳಿಸುತ್ತಾನೆ. ಅರಬ್ಬೀ ಕುದುರೆಗಳು, ಬಗೆಬಗೆಯ ಸರಕುಗಳು ಅಲ್ಲಿಗೆ ಬರುತ್ತಿದ್ದವು. ಅದೇ ಬೀದಿಯಲ್ಲಿ ಗುಲಾಮರಾದ ಗಂಡಸರನ್ನೂ ಹೆಂಗಸರನ್ನೂ ಕೂಗಿ ಮಾರುತ್ತಿದ್ದರು. ನಮ್ಮ ವಿಷಯಕ್ಕೆ ಮುಖ್ಯವಾದ ಮಾತೆಂದರೆ, ಯಾರಾದರೂ ತೀರಿಕೊಂಡರೆ ಅವರ ಆಸ್ತಿಯೆಲ್ಲವೂ ಅಲ್ಲಿಗೆ ಬಂದು ಕೊನೆಯ ಕಾಸಿನ ವಸ್ತುವಿನ ತನಕ ಮಾರಾಟವಾಗುತ್ತಿತ್ತು. ಸತ್ತವನು ವೈಸ್‌ರಾಯನೇ ಆಗಿದ್ದರೂ ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಕಾರಣ ಸ್ಪಷ್ಟವಾಗಿದೆ. ವಾರಸುದಾರರು ಇದ್ದದ್ದು ಲಿಸ್ಬನ್ನಿನಲ್ಲಿ. ಆರು ತಿಂಗಳ ಸಮುದ್ರಯಾನಕ್ಕೆ ಮಂಚವನ್ನು ಹಡಗಿಗೆ ಏರಿಸುವುದಕ್ಕಿಂತ ಅದನ್ನು ಮಾರಿ ಹಣವನ್ನು ಕಳುಹಿಸುವುದು ಸುಲಭ. ಮಂಚ ಗೋವೆಯಲ್ಲಿಯೇ ಉಳಿಯುತ್ತಿತ್ತು. ಅದರ ಮೇಲೆ ಬೇರೊಬ್ಬನು ಮಲಗುತ್ತಿದ್ದನು.

ಈ ಪದ್ಧತಿಯನ್ನು ಇಂಗ್ಲಿಷ್ ಕಂಪನಿಯವರು ಹಾಗೆಯೇ ಮುಂದುವರಿಸಿದರು. ಆರಂಭದಲ್ಲಿ ಅವರು ಅದನ್ನು ‘ಔಟ್‌ಕ್ರೈ’, ಎಂದರೆ ಕೂಗು, ಎಂದು ಕರೆಯುತ್ತಿದ್ದರು. 1726ರ ರಾಜಶಾಸನದಂತೆ ಮದರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಮೇಯರ್ ನ್ಯಾಯಾಲಯಗಳು ಏರ್ಪಟ್ಟವು. ಕಲ್ಕತ್ತೆಯಲ್ಲಿ 1774ರಲ್ಲಿ ಸುಪ್ರೀಂ ಕೋರ್ಟು ಸ್ಥಾಪಿತವಾಯಿತು. ಮೃತರ ಆಸ್ತಿಯ ಆಡಳಿತ ಈ ನ್ಯಾಯಾಲಯಗಳ ಅಧಿಕಾರಕ್ಕೆ ಸೇರಿತ್ತು. ಆಸ್ತಿಯ ಹೊಣೆ ಹೊತ್ತವನು ಮನೆಯಲ್ಲಿದ್ದ ಸಾಮಾನುಗಳ ಪಟ್ಟಿಯನ್ನೂ, ಹರಾಜು ನಡೆದ ಬಳಿಕ ಅದರ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿತ್ತು. ಈ ಲೆಕ್ಕಪತ್ರಗಳ ಪ್ರತಿಗಳು ಲಂಡನ್ನಿಗೆ ಹೋದವು. ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಸಂಪುಟ ಸಂಪುಟಗಳಾಗಿ ಉಳಿದುಬಂದಿವೆ. ಒಂದೊಂದು ವಸ್ತು, ಅದನ್ನು ಕೊಂಡವನ ಹೆಸರು, ಕೊಟ್ಟ ಬೆಲೆ ಎಂಬ ಮೂರು ಅಂಕಣಗಳಲ್ಲಿ ಒಂದು ಮನೆ ಸಂಪೂರ್ಣವಾಗಿ ಕರಗುವುದನ್ನು ಅಲ್ಲಿ ನೋಡಬಹುದು. ರಾಜಕೀಯ ಚರಿತ್ರೆಯನ್ನು ಬರೆಯುವವರು ಈ ಸಂಪುಟಗಳನ್ನು ಬಹುಕಾಲ ಮುಟ್ಟಲಿಲ್ಲ. 2001ರಲ್ಲಿ ಅಮೀನ್ ಜಾಫರ್ ಅವರು ಬ್ರಿಟಿಷ್ ಭಾರತದ ಹಾಗೂ ಸಿಂಹಳದ ಪೀಠೋಪಕರಣಗಳನ್ನು ಕುರಿತು ಪ್ರಕಟಿಸಿದ ಬೃಹತ್ ಗ್ರಂಥ ಇಂತಹ ಪಟ್ಟಿಗಳ ಬೆಲೆ ಏನೆಂಬುದನ್ನು ತೋರಿಸಿಕೊಟ್ಟಿತು.

ಹರಾಜುಗಳು ಪದೇ ಪದೇ ನಡೆಯುತ್ತಿದ್ದುದಕ್ಕೆ ಮರಣವೊಂದೇ ಕಾರಣವಲ್ಲ. ಮರಣಗಳು ಹೇರಳವಾಗಿದ್ದವೆಂಬುದು ನಿಜ. ಬೊಂಬಾಯಿಯಲ್ಲಿ ಮನುಷ್ಯನ ಆಯುಷ್ಯ ಎರಡು ಮಳೆಗಾಲ ಎಂಬ ಗಾದೆಯೇ ಹದಿನೇಳನೆಯ ಶತಮಾನದ ಕೊನೆಯಲ್ಲಿ ಐರೋಪ್ಯರ ಬಾಯಲ್ಲಿತ್ತು. ಆದರೆ ಬದುಕಿದವರೂ ನೆಲೆನಿಂತವರಲ್ಲ. ಸೈನ್ಯಾಧಿಕಾರಿಗೆ ದಂಡು ಬದಲಾಗುತ್ತಿತ್ತು. ನಾಗರಿಕಾಧಿಕಾರಿಗೆ ಜಿಲ್ಲೆ ಬದಲಾಗುತ್ತಿತ್ತು. ಹಣ ಮಾಡಿಕೊಂಡವನು ಊರಿಗೆ ಹೊರಡುತ್ತಿದ್ದನು. ರೈಲುಮಾರ್ಗಗಳು ಬರುವುದಕ್ಕೆ ಮೊದಲು ಎತ್ತಿನ ಗಾಡಿಯಲ್ಲಿಯೋ ದೋಣಿಯಲ್ಲಿಯೋ ಊಟದ ಮೇಜನ್ನು ನೂರಾರು ಮೈಲಿ ಸಾಗಿಸುವುದು ದುಬಾರಿಯಾದ ಸಾಹಸವಾಗಿತ್ತು. ಆದ್ದರಿಂದ ಹೊರಡುವವನು ಮಾರುತ್ತಿದ್ದನು. ಬರುವವನು ಅದನ್ನೇ ಕೊಳ್ಳುತ್ತಿದ್ದನು. ಮದರಾಸ್ ಕೊರಿಯರ್, ಕಲ್ಕತ್ತಾ ಗೆಜೆಟ್ ಮುಂತಾದ ಹಳೆಯ ಪತ್ರಿಕೆಗಳಲ್ಲಿ ಇಂತಹ ಮಾರಾಟಗಳ ಜಾಹೀರಾತುಗಳನ್ನು ಯಥೇಚ್ಛವಾಗಿ ಕಾಣಬಹುದು. ಹೊಸದಾಗಿ ಬಂದ ಕಿರಿಯ ನೌಕರನ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ಅಲ್ಪವೇತನದಲ್ಲಿ ಅವನು ಮರ್ಯಾದಸ್ಥನಂತೆ ಕಾಣಿಸಿಕೊಳ್ಳಬೇಕಾಗಿತ್ತು. ಸತ್ತವರ ಮತ್ತು ಹೋದವರ ಸಾಮಾನು ಅದಕ್ಕೆ ನೆರವಾಯಿತು.

ಹರಾಜಿನ ಅವಸರದಲ್ಲಿ ಏನಾಗಬಹುದೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. ವಾರನ್ ಹೇಸ್ಟಿಂಗ್ಸನು 1785ರಲ್ಲಿ ಭಾರತವನ್ನು ಬಿಟ್ಟನು. 1787ರ ಕಲ್ಕತ್ತಾ ಗೆಜೆಟಿನಲ್ಲಿ ಅವನ ಪ್ರತಿನಿಧಿಗಳು ಒಂದು ಪ್ರಕಟಣೆ ಕೊಟ್ಟರು. ಹೇಸ್ಟಿಂಗ್ಸನಿಗೆ ಸೇರಿದ ಕರಿಮರದ ಹಳೆಯ ಬ್ಯೂರೋ ಒಂದು, ಒಳಗೆ ಎರಡು ಸಣ್ಣ ಚಿತ್ರಗಳೂ ಕೆಲವು ಖಾಸಗಿ ಕಾಗದಗಳೂ ಇದ್ದದ್ದು, ಅವನ ಮನೆಯಿಂದ ಕಳುವಾಗಿರಬೇಕು ಅಥವಾ ಅವನ ಸಾಮಾನುಗಳ ಹರಾಜಿನಲ್ಲಿ ಕೈತಪ್ಪಿ ಮಾರಾಟವಾಗಿರಬೇಕು. ಅದನ್ನು ತೋರಿಸಿಕೊಟ್ಟವರಿಗೆ ಎರಡು ಸಾವಿರ ಸಿಕ್ಕಾ ರೂಪಾಯಿಗಳ ಬಹುಮಾನ ಎಂಬುದು ಅದರ ಸಾರಾಂಶ. ಪಾರ್ಲಿಮೆಂಟಿನಲ್ಲಿ ಹೇಸ್ಟಿಂಗ್ಸನ ಮೇಲೆ ದೋಷಾರೋಪಣೆ ಸಿದ್ಧವಾಗುತ್ತಿದ್ದ ವರ್ಷ ಅದು. ಖಾಸಗಿ ಕಾಗದಗಳು ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಓದಿದರೆ ಬಹುಮಾನದ ಮೊತ್ತ ಅರ್ಥವಾಗುತ್ತದೆ. ಹರಾಜಿನ ಕೂಗಾಳಿಗೆ ಮಾತ್ರ ಅದು ಕರಿಮರದ ಇನ್ನೊಂದು ಪೆಟ್ಟಿಗೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ‘ಬ್ಯೂರೋ’ ಎಂಬ ಶಬ್ದವೇ ನಮ್ಮ ಬಾಯಲ್ಲಿ ‘ಬೀರು’ ಆಗಿ ನಿಂತಿರುವುದು.

ಇಷ್ಟು ಜನರ ಕೈದಾಟಿದರೂ ಆ ಸಾಮಾನುಗಳು ಉಳಿದುದು ಹೇಗೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಇಂಗ್ಲೆಂಡಿನಿಂದ ತಂದ ಪೀಠೋಪಕರಣಗಳು ನಮ್ಮ ಹವೆಯನ್ನು ತಾಳಲಿಲ್ಲ. ತೆಳುಹಲಗೆಯನ್ನು ಅಂಟಿನಿಂದ ಮೆತ್ತಿದ ಬೀರುಗಳು ಮೊದಲನೆಯ ಮಳೆಗಾಲದಲ್ಲಿಯೇ ಬಿಚ್ಚಿಕೊಳ್ಳುತ್ತಿದ್ದವು. ಮೆತ್ತೆ ಹೊದಿಸಿದ ಕುರ್ಚಿಗಳಲ್ಲಿ ಹುಳುಗಳು ಸೇರಿಕೊಳ್ಳುತ್ತಿದ್ದವು. ಇದರಿಂದ ಐರೋಪ್ಯ ಮಾದರಿಯನ್ನು ಮುಂದಿಟ್ಟುಕೊಂಡು ನಮ್ಮ ಬಡಗಿಗಳು ನಮ್ಮ ಮರದಿಂದಲೇ ಮಾಡಿದ ಸಾಮಾನಿಗೆ ಬೇಡಿಕೆ ಬಂದಿತು. ಅವರು ಅಂಟನ್ನು ನೆಚ್ಚಲಿಲ್ಲ. ಒಂದು ಮರದ ತುದಿಯನ್ನು ಇನ್ನೊಂದರ ಕುಳಿಯಲ್ಲಿ ಕೂರಿಸಿ, ಅಡ್ಡಲಾಗಿ ಮರದ ಬೆಣೆಯನ್ನು ಹೊಡೆದು ಬಿಗಿ ಮಾಡುತ್ತಿದ್ದರು. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಹಾಕುತ್ತಿದ್ದರು. ತೇಗದಲ್ಲಿರುವ ಎಣ್ಣೆಯಂಶವನ್ನು ಗೆದ್ದಲು ಮೆಚ್ಚುವುದಿಲ್ಲ. ಕೂರುವ ಜಾಗಕ್ಕೆ ಬೆತ್ತವನ್ನು ಹೆಣೆದರೆ ಗಾಳಿ ಆಡುತ್ತದೆ. ಹರಿದರೆ ಆ ಭಾಗವನ್ನು ಮಾತ್ರ ಮತ್ತೆ ಹೆಣೆಯಬಹುದು. ದಂಡಿನ ಸಂಗಡ ಹೋಗಬೇಕಾದ ಮೇಜು, ಮಂಚಗಳನ್ನು ತಿರುಪು ಬಿಚ್ಚಿ ಮಡಿಸುವಂತೆ ಮಾಡುತ್ತಿದ್ದರು. ದುರಸ್ತಿಗೆ ಒಗ್ಗುವ ಗುಣವೇ ಮರುಮಾರಾಟಕ್ಕೆ ಆಧಾರ. ಇಂದಿನ ಒತ್ತುಹಲಗೆಯ ಕಪಾಟಿಗೆ ಎರಡನೆಯ ಯಜಮಾನನು ದೊರೆಯುವುದು ಕಷ್ಟ. ಒಮ್ಮೆ ನೀರು ತಾಗಿ ಉಬ್ಬಿದರೆ ಅದನ್ನು ಸರಿಪಡಿಸಬಲ್ಲ ಬಡಗಿ ಇಲ್ಲ.

ಹರಾಜಿನ ಲೆಕ್ಕಗಳಲ್ಲಿ ಕೊಂಡವರ ಅಂಕಣವನ್ನು ನೋಡಿದರೆ ಅಲ್ಲಿ ಭಾರತೀಯರ ಹೆಸರುಗಳೂ ಇವೆ. ಮದರಾಸಿನ ದುಭಾಷಿಗಳು, ಕಲ್ಕತ್ತೆಯ ಬನಿಯರು ಮತ್ತು ಸರ್ಕಾರರು, ಚಿಲ್ಲರೆ ವ್ಯಾಪಾರಿಗಳು ಈ ಮಾರಾಟಗಳಿಗೆ ಬರುತ್ತಿದ್ದರು. ಕೆಲವರು ಕೊಂಡದ್ದನ್ನು ಮತ್ತೆ ಮಾರಲು ಒಯ್ದರೆ, ಮತ್ತೆ ಕೆಲವರು ತಮ್ಮ ಮನೆಗೇ ಒಯ್ದರು. 1823ರಲ್ಲಿ ಕಲ್ಕತ್ತೆಗೆ ಬಂದ ಬಿಷಪ್ ಹೀಬರನು ಅಲ್ಲಿನ ಸಿರಿವಂತರ ಮನೆಗಳು ಗ್ರೀಕ್ ಮಾದರಿಯ ಕಂಬಗಳಿಂದಲೂ ಇಂಗ್ಲಿಷ್ ಪೀಠೋಪಕರಣಗಳಿಂದಲೂ ತುಂಬಿರುವುದನ್ನು ಗಮನಿಸಿ ಬರೆದಿದ್ದಾನೆ. ಅದಕ್ಕೆ ಹಿಂದೆ ನಮ್ಮ ಮನೆಗಳಲ್ಲಿ ಇದ್ದುದಾದರೂ ಏನು? ಮಣೆ, ಚಾಪೆ, ಜಮಖಾನೆ, ಮಂಚ, ತೂಗುಮಣೆ, ಬಟ್ಟೆಬರೆಗೆ ಸಂದೂಕ. ಬಡವನ ಮನೆಗೂ ಸಾಹುಕಾರನ ಮನೆಗೂ ವ್ಯತ್ಯಾಸವಿದ್ದುದು ಪಾತ್ರೆ, ಬಟ್ಟೆ, ಕಂಬಗಳ ಕೆತ್ತನೆಗಳಲ್ಲಿ. ನೆಲದ ಮೇಲೆ ಕೂರುವುದರಲ್ಲಿ ಇಬ್ಬರೂ ಒಂದೇ. ಮೇಜು, ಕುರ್ಚಿ, ಅಲಮಾರು ಎಂಬ ಶಬ್ದಗಳೆಲ್ಲವೂ ಹೊರಗಿನವು. ಕುರ್ಚಿ ಅರಬ್ಬಿಯಿಂದಲೂ, ಮೇಜು ಪಾರಸಿಯಿಂದಲೂ, ಅಲಮಾರು ಪೋರ್ಚುಗೀಸಿನಿಂದಲೂ ಬಂದವು. ಕುರ್ಚಿಗೆ ಆಸನಕ್ಕಿಂತ ಹೆಚ್ಚಿನ ಅರ್ಥವೂ ಸೇರಿಕೊಂಡಿತು. ಉತ್ತರ ಭಾರತದ ಜಿಲ್ಲೆಗಳಲ್ಲಿ ಅಧಿಕಾರಿಯ ಎದುರಿನಲ್ಲಿ ಕುರ್ಚಿಯ ಮೇಲೆ ಕೂರಲು ಅರ್ಹನಾದವನಿಗೆ ‘ಕುರ್ಸೀನಶೀನ್’ ಎಂಬ ಮನ್ನಣೆಯನ್ನೇ ಸರ್ಕಾರ ಕೊಡುತ್ತಿತ್ತು. ಹೀಗಿರುವಲ್ಲಿ ದೊರೆಯ ಮನೆಯ ಹರಾಜಿನಿಂದ ಒಂದು ಕುರ್ಚಿಯನ್ನು ತಂದು ತನ್ನ ಪಡಸಾಲೆಯಲ್ಲಿ ಇಟ್ಟುಕೊಂಡ ಗುಮಾಸ್ತನು ಬರಿಯ ಮರವನ್ನು ಕೊಂಡನೆಂದು ಹೇಳಲಾಗದು. ಕಚೇರಿಯಲ್ಲಿ ಅವನಿಗೆ ದೊರೆಯದಿದ್ದ ಆಸನ ಹರಾಜಿನಲ್ಲಿ ದೊರೆಯಿತು.

ಮನೆ ಚದುರುವುದಕ್ಕೆ ಸೋಲು ಕಾರಣವಾದಾಗ ಹರಾಜಿನ ಸ್ವರೂಪವೇ ಬೇರೆ. ಕರ್ಣಾಟಕದ ಚರಿತ್ರೆಯಲ್ಲಿ ಇದಕ್ಕೆ ಅತ್ಯಂತ ದೊಡ್ಡ ಉದಾಹರಣೆ 1799ರ ಶ್ರೀರಂಗಪಟ್ಟಣ. ಮೇ 4ರಂದು ಕೋಟೆ ಬಿದ್ದು ಟೀಪೂ ಸುಲ್ತಾನನು ಮಡಿದನು. ಆ ರಾತ್ರಿಯ ಲೂಟಿಯ ಬಳಿಕ ಚಿನ್ನದ ಗಟ್ಟಿಗಳೂ ಅಮೂಲ್ಯವಾದ ಆಭರಣಗಳೂ ಶಿಬಿರದ ಬಜಾರಿನಲ್ಲಿ ಸಿಪಾಯಿಗಳ ಕೈಯಿಂದ ಮಾರಾಟವಾದುದನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ದಾಖಲಿಸಿದ್ದಾನೆ. ಉಳಿದ ಅರಮನೆಯ ಸೊತ್ತು ಸೈನ್ಯಕ್ಕೆ ಸಲ್ಲಬೇಕಾದ ‘ಪ್ರೈಜ್’ ಎಂದು ಗಣನೆಯಾಯಿತು. ಅದಕ್ಕಾಗಿ ನೇಮಕವಾದ ಪ್ರತಿನಿಧಿಗಳು ಅದನ್ನು ಹಂಚಿದರು, ಹರಾಜು ಹಾಕಿದರು. ಟೀಪುವಿನ ಸಿಂಹಾಸನದ ಗತಿ ಪ್ರಸಿದ್ಧವಾಗಿದೆ. ಮರದ ಮೇಲೆ ಚಿನ್ನದ ತಗಡನ್ನು ಹೊದಿಸಿದ್ದ ಅದನ್ನು ಇಡಿಯಾಗಿ ಇಂಗ್ಲೆಂಡಿನ ದೊರೆಗೆ ಕಳುಹಿಸಬೇಕೆಂದು ಗವರ್ನರ್-ಜನರಲನಿಗೆ ಇಚ್ಛೆಯಿತ್ತು. ಅದು ತಿಳಿದುಬರುವುದರೊಳಗೆ ಪ್ರತಿನಿಧಿಗಳು ಅದನ್ನು ಒಡೆದು ತುಂಡು ಮಾಡಿದ್ದರು. ದೊಡ್ಡ ಹುಲಿಯ ತಲೆಯೂ ಹುಮಾ ಪಕ್ಷಿಯೂ ವಿಂಡ್ಸರ್ ಅರಮನೆಯ ಸಂಗ್ರಹವನ್ನು ಸೇರಿದವು. ಕಟಕಟೆಯ ಮೇಲಿದ್ದ ಸಣ್ಣ ಹುಲಿಯ ತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಮಾರಾಟವಾಯಿತು. ಮತ್ತೊಂದನ್ನು ದೇಶದಿಂದ ಹೊರಗೆ ಒಯ್ಯದಂತೆ ಬ್ರಿಟಿಷ್ ಸರ್ಕಾರ 2021ರಲ್ಲಿ ತಾತ್ಕಾಲಿಕ ನಿರ್ಬಂಧ ಹಾಕಿತು. ಆಗ ಅದರ ಬೆಲೆಯನ್ನು 15 ಲಕ್ಷ ಪೌಂಡುಗಳೆಂದು ಗಣಿಸಲಾಗಿತ್ತು. ಶ್ರೀರಂಗಪಟ್ಟಣದಿಂದ ಹೊರಗೆ ಹೋದ ವಸ್ತು ಬ್ರಿಟನ್ನಿನಿಂದ ಹೊರಗೆ ಹೋಗಬಾರದೆಂಬ ಈ ಕಾಳಜಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪೋವಿಸಿನಲ್ಲಿಯೇ ಟೀಪುವಿನ ಚೀಟಿಬಟ್ಟೆಯ ಡೇರೆಯೂ ಇದೆ. ಆ ಮನೆತನದವರು ಅದನ್ನು ತಮ್ಮ ತೋಟದ ಸಂತೋಷಕೂಟಗಳಿಗೆ ಬಳಸುತ್ತಿದ್ದರು. ಕೈಬದಲಿದ ಸಾಮಾನಿನಿಂದ ಮನೆಯನ್ನು ಅಲಂಕರಿಸುವುದಕ್ಕೆ ಇದೂ ಒಂದು ಉದಾಹರಣೆಯೇ ಸರಿ.

ಶ್ರೀರಂಗಪಟ್ಟಣದ ಹವೆ ಸೈನ್ಯಕ್ಕೆ ಒಗ್ಗದ ಕಾರಣ 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪಿತವಾಯಿತು. ಅಲ್ಲಿಂದ 1947ರ ವರೆಗೆ, ಒಂದೂಕಾಲು ಶತಮಾನಕ್ಕೂ ಮಿಕ್ಕಿ, ಸೈನಿಕ ಕುಟುಂಬಗಳು ಅಲ್ಲಿಗೆ ಬಂದು ಹೋಗುತ್ತಲೇ ಇದ್ದವು. ಬಂಗಲೆಗಳನ್ನು ಬಾಡಿಗೆಗೆ ಹಿಡಿದವರು ಸಾಮಾನನ್ನೂ ಬಾಡಿಗೆಗೆ ಹಿಡಿಯುತ್ತಿದ್ದರು, ಇಲ್ಲವೆ ಹೊರಡುವವರಿಂದ ಕೊಳ್ಳುತ್ತಿದ್ದರು. ಸ್ವಾತಂತ್ರ್ಯಾನಂತರ ಇಂಗ್ಲಿಷರು ಹೊರಟರು. ಮುಂದಿನ ದಶಕಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕವು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ವಲಸೆ ಹೋದವು. ಈ ನಿರ್ಗಮನಗಳ ಸಾಮಾನು ಶಿವಾಜಿನಗರದ ಸುತ್ತಣ ಹರಾಜು ಮಳಿಗೆಗಳಿಗೂ ಗುಜರಿ ಅಂಗಡಿಗಳಿಗೂ ಬಂದಿತು. ಹೊಸದಾಗಿ ನೌಕರಿಗೆ ಸೇರಿ ಬೆಂಗಳೂರಿಗೆ ಬಂದ ಕನ್ನಡಿಗ ಗುಮಾಸ್ತರೂ ಉಪಾಧ್ಯಾಯರೂ ಅಲ್ಲಿಂದಲೇ ಮೇಜು, ಪುಸ್ತಕದ ಬೀರು, ಈಸಿಚೇರುಗಳನ್ನು ತಂದರು. ಬಸವನಗುಡಿಯ ಎಷ್ಟೋ ಮನೆಗಳ ಜಗುಲಿಯಲ್ಲಿ ನಿವೃತ್ತರಾದ ಹಿರಿಯರು ಒರಗಿ ಪತ್ರಿಕೆ ಓದುತ್ತಿದ್ದ, ಉದ್ದ ಕೈಗಳುಳ್ಳ ಬೆತ್ತದ ಕುರ್ಚಿ ಮೂಲತಃ ಬಂಗಲೆಯ ವರಾಂಡಕ್ಕಾಗಿ ರೂಪುಗೊಂಡದ್ದು. ಸಾಹೇಬನು ಕಾಲು ಚಾಚುತ್ತಿದ್ದ ಆ ಕೈಗಳ ಮೇಲೆ ನಮ್ಮವರು ಕಾಫಿಯ ಲೋಟವನ್ನು ಇಟ್ಟರು. ಸಂಸ್ಕೃತಿಯ ಸಂಕ್ರಮಣ ಎಂದು ನಾವು ತರಗತಿಗಳಲ್ಲಿ ಬೋಧಿಸುವ ವಿಷಯ ಎಷ್ಟೋ ವೇಳೆ ಹೀಗೆ, ಯಾರ ಗಮನಕ್ಕೂ ಬಾರದಂತೆ, ಕೈಗಾಡಿಯ ಮೇಲೆ ಬಂದಿದೆ.

ಇನ್ನೊಂದು ಮೂಲ ಸರ್ಕಾರಿ ಕಚೇರಿ. ಬಳಕೆಗೆ ಬಾರದೆಂದು ತೀರ್ಮಾನವಾದ ಸಾಮಾನುಗಳನ್ನು ಕಾಲಕಾಲಕ್ಕೆ ಹರಾಜು ಹಾಕುವ ಪದ್ಧತಿ ಇಂದಿಗೂ ಇದೆ. 1923ರಲ್ಲಿ ಗೋದ್ರೆಜ್ ಸಂಸ್ಥೆ ಉಕ್ಕಿನ ಬೀರುವನ್ನು ತಯಾರಿಸಲಾರಂಭಿಸಿದ ಮೇಲೆ ಕ್ರಮೇಣ ಕಚೇರಿಗಳಿಂದಲೂ ಮನೆಗಳಿಂದಲೂ ಮರದ ಅಲಮಾರುಗಳು ಹೊರಬಿದ್ದವು. ಬೀರು ಎಂದರೆ ಉಕ್ಕಿನದು ಎಂಬ ಅರ್ಥ ಬರುವಷ್ಟು ಈ ಬದಲಾವಣೆ ಆಳವಾಗಿತ್ತು. ತೇಗಕ್ಕಿಂತ ತಗಡನ್ನು ಮೇಲೆಂದು ಒಂದು ತಲೆಮಾರು ಭಾವಿಸಿತು. ಬೆಂಕಿ ಮತ್ತು ಕಳ್ಳರ ಭಯವನ್ನು ನೆನೆದರೆ ಅದು ಅವಿವೇಕವೆಂದು ಹೇಳಲಾಗದು. ಆ ತಲೆಮಾರು ಬೇಡವೆಂದುದನ್ನು ಅದರ ಮೊಮ್ಮಕ್ಕಳು ಇಂದು ಹಲವು ಪಟ್ಟು ಬೆಲೆ ಕೊಟ್ಟು ಹುಡುಕುತ್ತಿದ್ದಾರೆ.

ಹಳೆಯದು ಪುರಾತನವಾಗುವುದು ಯಾವಾಗ? ಇದು ಅಭಿರುಚಿಯ ಪ್ರಶ್ನೆಯಂತೆ ತೋರಿದರೂ ಕಾನೂನು ಇದಕ್ಕೆ ಅಂಕೆಗಳಲ್ಲಿ ಉತ್ತರ ಕೊಟ್ಟಿದೆ. ಅಮೆರಿಕದ 1930ರ ಸುಂಕದ ಶಾಸನ 1830ಕ್ಕೆ ಹಿಂದಿನ ವಸ್ತುಗಳನ್ನು ಮಾತ್ರ ಪುರಾತನವೆಂದು ಪರಿಗಣಿಸಿ ಆಮದು ಸುಂಕವನ್ನು ಬಿಟ್ಟುಕೊಟ್ಟಿತು. 1966ರಲ್ಲಿ ಇದನ್ನು ನೂರು ವರ್ಷವೆಂದು ಬದಲಿಸಿದರು. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಶಾಸನವೂ ನೂರು ವರ್ಷಗಳನ್ನೇ ಗೊತ್ತುಮಾಡಿದೆ, ಹಸ್ತಪ್ರತಿಗಳಿಗೆ ಎಪ್ಪತ್ತೈದು. ಕಟ್ಟಡದಿಂದ ಬೇರ್ಪಡಿಸಿದ ಭಾಗಗಳೂ ಈ ವ್ಯಾಖ್ಯೆಯಲ್ಲಿ ಸೇರಿವೆ ಎಂಬುದನ್ನು ಹಳೆಯ ಕಂಬ, ಬಾಗಿಲುಗಳನ್ನು ಕೊಳ್ಳುವವರು ಮರೆಯಬಾರದು. ಇಂತಹ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ವ್ಯಾಪಾರಕ್ಕೂ ಪರವಾನಗಿ ಬೇಕು.

ಕಂಬ, ಬಾಗಿಲುಗಳ ಮಾತು ಬಂದಾಗ ನಮ್ಮ ಕರಾವಳಿಯನ್ನು ನೆನೆಯಬೇಕು. ತುಳುನಾಡಿನ ಗುತ್ತಿನ ಮನೆಗಳು ಅಳಿಯಸಂತಾನದ ಅವಿಭಕ್ತ ಕುಟುಂಬಕ್ಕಾಗಿ ನಿಂತವು. ಕೆತ್ತನೆಯ ಕಂಬಗಳ ಚಾವಡಿ, ಮರದ ಮುಚ್ಚಿಗೆ, ಭತ್ತದ ಪತ್ತಾಯ ಇವೆಲ್ಲವೂ ಹತ್ತಾರು ಜನರು ಒಟ್ಟಿಗೆ ಬಾಳಿ, ಗೇಣಿಯ ಅಕ್ಕಿ ತಪ್ಪದೆ ಬರುತ್ತಿದ್ದ ಕಾಲದ ಗುರುತುಗಳು. 1949ರ ಅಳಿಯಸಂತಾನ ಶಾಸನದಿಂದ ಪಾಲು ಕೇಳುವ ಹಕ್ಕು ಬಂದಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ದೊಡ್ಡ ಮನೆಯನ್ನು ಪೋಷಿಸುವ ವರಮಾನ ನಿಂತುಹೋಯಿತು, ಮಕ್ಕಳು ಬೊಂಬಾಯಿಗೆ ಹೋದರು, ಮಾಡು ಸೋರಿತು. ಅಂತಹ ಮನೆಗಳಲ್ಲಿ ಎಷ್ಟೋ ಬಿಚ್ಚಿ ಮಾರಾಟವಾದವು. ಈ ಪ್ರಸಂಗವನ್ನು ಬರಿಯ ದುಃಖದ ಧಾಟಿಯಲ್ಲಿ ಬರೆಯುವುದು ವಾಡಿಕೆಯಾಗಿದೆ. ಅದು ಸರಿಯೆಂದು ನನಗೆ ತೋರುವುದಿಲ್ಲ. ಗೋವೆಯಲ್ಲಿ ಮಂಚ ಅಗ್ಗವಾದುದಕ್ಕೆ ಸಾವು ಕಾರಣ. ಶ್ರೀರಂಗಪಟ್ಟಣದಲ್ಲಿ ಸಿಂಹಾಸನ ತುಂಡಾದುದಕ್ಕೆ ಸೋಲು ಕಾರಣ. ಇಲ್ಲಿ ಚಾವಡಿಯ ಕಂಬ ಅಗ್ಗವಾದುದಕ್ಕೆ ಒಂದು ಪಾಲು ನ್ಯಾಯವೂ ಕಾರಣ. ಆ ಮುಚ್ಚಿಗೆಯನ್ನು ಎತ್ತಿಹಿಡಿದಿದ್ದುದು ಗೇಣಿಯ ಅಕ್ಕಿ. ಉಳುವವನ ಮನೆಗೆ ಹಂಚಿನ ಮಾಡು ಬಂದ ವರ್ಷಗಳಲ್ಲಿಯೇ ಒಡೆಯನ ಮನೆಯ ಕಂಬ ಮಾರುಕಟ್ಟೆಗೆ ಬಂದಿತು. ಎರಡನ್ನೂ ಒಂದೇ ಪುಟದಲ್ಲಿ ಬರೆಯದಿದ್ದರೆ ಚರಿತ್ರೆ ಓರೆಯಾಗುತ್ತದೆ.

ಹೀಗೆ ಚದುರಿದುದನ್ನು ಒಂದುಗೂಡಿಸಿದವರಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರ ಹೆಸರು ಎಲ್ಲರಿಗೂ ತಿಳಿದಿದೆ. ಬಿಚ್ಚಿಹಾಕಿದ ಹಳೆಯ ಮನೆಗಳ ಬಾಗಿಲು, ಕಿಟಕಿ, ಕಂಬಗಳನ್ನು ಕೂಡಿಸಿ ಅವರು ತಮ್ಮ ವಾಸಕ್ಕಾಗಿ ‘ಹಸ್ತಶಿಲ್ಪ’ ಎಂಬ ಮನೆಯನ್ನು ಕಟ್ಟಿಕೊಂಡರು. ಅನಂತರ ಕುಕನೂರಿನ ಕಮಲಮಹಲು, ಮುಧೋಳ ಅರಮನೆಯ ದರ್ಬಾರು ಹಾಲು ಮುಂತಾದ ಇಡೀ ಕಟ್ಟಡಗಳನ್ನೇ ತುಂಡುತುಂಡಾಗಿ ಸಾಗಿಸಿ ಮಣಿಪಾಲದಲ್ಲಿ ಮರಳಿ ನಿಲ್ಲಿಸಿದರು. ಬೇರೊಬ್ಬರ ಮನೆ ಬೀಳುವುದರಿಂದ ತನ್ನ ಮನೆಯನ್ನು ಕಟ್ಟಿಕೊಳ್ಳುವವನು ಆ ಬೇರೊಬ್ಬರ ಊರು, ಹೆಸರುಗಳನ್ನೂ ಜತೆಗೆ ತಂದರೆ ಅದು ಸಂಗ್ರಹವಾಗುತ್ತದೆ. ತಾರದಿದ್ದರೆ ಅಲಂಕಾರವಾಗಿ ನಿಲ್ಲುತ್ತದೆ. ಚೆಟ್ಟಿನಾಡಿನಲ್ಲಿ ಎರಡನೆಯದೇ ಹೆಚ್ಚಾಗಿ ನಡೆಯಿತು. ನಾಟುಕೋಟೆ ಚೆಟ್ಟಿಯಾರರು ಬರ್ಮಾದ ಲೇವಾದೇವಿಯ ಹಣದಿಂದ, ಬರ್ಮಾದ ತೇಗದಿಂದ ಕಟ್ಟಿದ ಮಹಲುಗಳು 1942ರ ಜಪಾನೀ ಆಕ್ರಮಣ ಹಾಗೂ ಅನಂತರದ ರಾಷ್ಟ್ರೀಕರಣಗಳ ಪರಿಣಾಮವಾಗಿ ಆದಾಯ ಕಳೆದುಕೊಂಡವು. ಅವುಗಳ ಬಾಗಿಲುವಾಡಗಳೂ ಕಂಬಗಳೂ ಕಾರೈಕುಡಿಯ ಅಂಗಡಿಗಳ ಮೂಲಕ ದೇಶದ ನಾನಾ ಕಡೆಗೆ ಹರಡಿಹೋದವು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಷೇಧಿಸಿದ ಮೇಲಂತೂ ಹಳೆಯ ಮನೆಯ ತೊಲೆ ಕೆತ್ತನೆ ಇಲ್ಲದಿದ್ದರೂ ಮರದ ಬೆಲೆಗೇ ಬಾಳುತ್ತದೆ.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಚಂಡೀಗಢದಲ್ಲಿ ನಡೆದಿದೆ. ಲ ಕಾರ್ಬೂಸಿಯೇ ನೇತೃತ್ವದಲ್ಲಿ ಆ ನಗರ ನಿರ್ಮಾಣವಾದಾಗ, ಅವನ ದಾಯಾದಿ ಪಿಯೇರ್ ಜಾನ್ನೆರೆ ಮತ್ತು ಸಹೋದ್ಯೋಗಿಗಳು ಸರ್ಕಾರಿ ಕಚೇರಿ, ನ್ಯಾಯಾಲಯ, ಕಾಲೇಜು, ವಸತಿಗೃಹಗಳಿಗಾಗಿ ಕುರ್ಚಿ-ಮೇಜುಗಳನ್ನು ರೂಪಿಸಿದರು. ಸ್ಥಳೀಯ ಬಡಗಿಗಳು ಅವನ್ನು ತೇಗದಿಂದಲೂ ಬೆತ್ತದಿಂದಲೂ ಮಾಡಿಕೊಟ್ಟರು. ಎರಡು ಶತಮಾನಗಳ ಹಿಂದೆ ಮದರಾಸಿನ ಬಡಗಿಗಳು ನೆಚ್ಚಿದ್ದುದೂ ಆ ಎರಡು ವಸ್ತುಗಳನ್ನೇ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಈ ಕುರ್ಚಿಗಳು ಬೆತ್ತ ಹರಿದು, ಕಾಲು ಮುರಿದು, ಅಟ್ಟಗಳಲ್ಲಿಯೂ ಅಂಗಳಗಳಲ್ಲಿಯೂ ರಾಶಿ ಬಿದ್ದವು. ಇಲಾಖೆಗಳು ಅವನ್ನು ನಿರುಪಯುಕ್ತವೆಂದು ಬರೆದು ರಾಶಿಗೆ ಇಷ್ಟೆಂದು ಹರಾಜು ಹಾಕಿದವು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ವರ್ತಕರು ಇದನ್ನು ಗಮನಿಸಿದರು. ಅವರು ಕೊಂಡುಹೋಗಿ ಮತ್ತೆ ಬೆತ್ತ ಹೆಣೆಸಿದ ಕುರ್ಚಿಗಳು ಯೂರೋಪ್, ಅಮೆರಿಕಗಳ ಹರಾಜುಗಳಲ್ಲಿ ಸಾವಿರಾರು ಯೂರೋಗಳಿಗೆ ಮಾರಾಟವಾದವು. ನೂರು ವರ್ಷ ತುಂಬದ ಕಾರಣ 1972ರ ಶಾಸನ ಇವುಗಳಿಗೆ ಅನ್ವಯಿಸಲಿಲ್ಲ. ಕೊನೆಗೆ 2011ರಲ್ಲಿ ಕೇಂದ್ರ ಗೃಹಖಾತೆ ಆಜ್ಞೆ ಹೊರಡಿಸಿ ಇವುಗಳ ಮಾರಾಟವನ್ನೂ ರಫ್ತನ್ನೂ ತಡೆಯಲು ಯತ್ನಿಸಿತು. ನಗರದಲ್ಲಿ ಉಳಿದಿದ್ದ ಹನ್ನೆರಡು ಸಾವಿರಕ್ಕೂ ಮಿಕ್ಕ ವಸ್ತುಗಳನ್ನು ಪಟ್ಟಿಮಾಡಲಾಯಿತು.

ಆ ಕುರ್ಚಿಗಳ ಬೆನ್ನಿನ ಹಲಗೆಯ ಮೇಲೆ ಯಾವುದೋ ಉಗ್ರಾಣದ ಗುಮಾಸ್ತನು ಬಣ್ಣದಲ್ಲಿ ಬರೆದ ಇಲಾಖೆಯ ಸಂಕ್ಷಿಪ್ತ ಹೆಸರೂ ಕ್ರಮಸಂಖ್ಯೆಯೂ ಇರುತ್ತವೆ. ವರ್ಷಾಂತ್ಯದ ಲೆಕ್ಕ ತಪ್ಪದಿರಲೆಂದು ಬರೆದ ಅಂಕೆ ಅದು. ವಿದೇಶದ ಕೊಳ್ಳುಗರು ಇಂದು ಮೊದಲು ನೋಡುವುದು ಅದನ್ನೇ. ಕುರ್ಚಿ ಯಾವ ಕಟ್ಟಡದ್ದೆಂಬುದಕ್ಕೆ ಅದೊಂದೇ ಸಾಕ್ಷಿ. ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ. ನಮ್ಮ ಪೇಟೆಗಳಲ್ಲಿ ಹಳೆಯ ಕುರ್ಚಿಯೊಂದನ್ನು ಕೊಂಡು ಮೆರುಗೆಣ್ಣೆಗೆ ಕೊಟ್ಟರೆ, ಕೆಲಸಗಾರನು ಉಪ್ಪುಕಾಗದ ಹಿಡಿದು ಮೊಟ್ಟಮೊದಲು ಉಜ್ಜಿ ತೆಗೆಯುವುದೂ ಅದನ್ನೇ.